ಗುಂಡಿ ಒತ್ತಿದವರು

ಪರದೆಯ ಮೇಲೆ ಕೆಂಪು ಗೆರೆಯೊಂದು ತಪಾಸಣೆಯ ಚೌಕವನ್ನು ಮುಟ್ಟದೆ, ಬಳಸಿಕೊಂಡು, ಸೀದಾ ರವಾನೆಯ ಚೌಕಕ್ಕೆ ಹೋಗಿ ನಿಂತಿತ್ತು. ಗೆರೆಯ ಪಕ್ಕದಲ್ಲಿ, ಕಾರ್ಖಾನೆಯ ತಪಾಸಣೆ ನೋಡಿಕೊಳ್ಳುವ, ಎಲ್ಲರೂ ಅಕ್ಕ ಎನ್ನುವವಳ ಹೆಸರು.

"ಆಸ್ಪತ್ರೆ ಮಂಚಗಳು ಬ್ರೇಕ್ ಪರೀಕ್ಷೆ ಆಗದೇನೇ ಹೊರಗೆ ಹೋಗಿವೆ," ಎಂದ ಹೊರಗಿನಿಂದ ಕರೆಸಿದ್ದ ತಜ್ಞ. ಇನ್ನೂ ಎಳೆಯ ಮುಖ, ಇಸ್ತ್ರಿ ಮಾಡಿದ ಮಾತು. "ಯಾರು ಯಾವಾಗ ಯಾವ ಗುಂಡಿ ಒತ್ತಿದ್ರು ಅನ್ನೋದೆಲ್ಲ ಕಂಪ್ಯೂಟರಲ್ಲಿ ಉಳಿದಿರುತ್ತೆ. ಅದನ್ನ ಅಗೆದು ತೆಗೆದು, ಕೆಲಸ ನಿಜವಾಗಿ ಯಾವ ದಾರೀಲಿ ಓಡಾಡುತ್ತೆ ಅಂತ ಚಿತ್ರ ಬಿಡಿಸ್ತೀವಿ. ಪ್ರೋಸೆಸ್ ಮೈನಿಂಗ್ ಅಂತಾರೆ. ಈ ಅಡ್ಡದಾರಿ ಪೂರ್ತಿ ಮೇಡಂ ಲಾಗಿನ್‌ನಿಂದಲೇ ಆಗಿದೆ."

ಮ್ಯಾನೇಜರ್ ಹ್ಞೂಂ... ಹ್ಞೂಂ... ಎಂದು ಗಂಟಲು ಸರಿಮಾಡಿಕೊಂಡರು. ಬ್ರೇಕ್ ನಿಲ್ಲದೆ ಮಂಚವೊಂದು ಜಾರಿ ರೋಗಿಯೊಬ್ಬರ ಸೊಂಟ ಮುರಿದಿತ್ತು. ಯಾರ ತಲೆದಂಡ ಎಂದು ಮೇಲಿನವರು ದಿನಾ ಫೋನ್ ಮಾಡುತ್ತಿದ್ದರು. "ನೋಡಮ್ಮ, ನಂಗೂ ಬೇಜಾರೇ. ಆದ್ರೆ ಯಂತ್ರಕ್ಕೆ ನಮ್ಮೋರು ತಮ್ಮೋರು ಅಂತ ಇಲ್ವಲ್ಲ. ನೀವಾಗೇ ರಾಜೀನಾಮೆ ಕೊಟ್ರೆ ಮರ್ಯಾದೆ."

ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಕೆಟ್ಟ ಬ್ರೇಕಿನ ಮಂಚಗಳನ್ನು ವಾಪಸು ಕಳಿಸಿ ಕಳಿಸಿ ಇಡೀ ಕಾರ್ಖಾನೆಯ ಕಣ್ಣಿಗೆ ಮುಳ್ಳಾದವಳು ಅವಳು.

"ಎಲ್ಲದಕ್ಕೂ ಅಡ್ಡ ಬರ್ತಾಳೆ ಅಂತ ಬೈಸ್ಕೊಂಡೋಳೂ ನಾನೇ, ಈಗ ಅಡ್ಡದಾರಿ ಹಿಡಿದೋಳೂ ನಾನೇನಾ? ಅಲ್ಲಪ್ಪಾ ಗಣಿಧಣಿ, ಗುಂಡಿ ಒತ್ತಿದೋರು ಯಾರೋ, ನೀನು ಗುಂಡಿ ತೋಡಿರೋದು ನನಗಾ!"

"ಮೇಡಂ, ಡೇಟಾ ಸುಳ್ಳು ಹೇಳಲ್ಲ."

"ಹೇಳಲ್ಲ ಕಣಪ್ಪ. ಡೇಟಾಗೇ ಸುಳ್ಳು ಹೇಳ್ತಾರೆ. ಇಲ್ಲಿ ನನ್ನ ಪಾಸ್‌ವರ್ಡ್ ಗೊತ್ತಿಲ್ದೇ ಇರೋದು ಇಬ್ಬರಿಗೇ. ಒಂದು ನಿನಗೆ, ಇನ್ನೊಂದು ಆ ನೀರಿನ ಫಿಲ್ಟರ್‌ಗೆ!"

ಸುತ್ತ ಕೂತ ಕಾರ್ಖಾನೆಯವರು ಮೇಜಿನಲ್ಲಿ ಮುಖ ನೋಡಿಕೊಂಡರು. ತಿಂಗಳಿಗೊಮ್ಮೆ ಹೊಸ ಪಾಸ್‌ವರ್ಡ್ ಹಾಕುವ ಉಸಾಬರಿ ಅಲ್ಲಿ ಯಾರಿಗೂ ಬೇಡವಾಗಿತ್ತು. ಅಕ್ಕನದೊಂದು ಜೀವಂತ ಇದ್ದರೆ ಸಾಕು. ಪೆನ್ನು ಕೇಳಿದಂತೆ ಕೇಳುತ್ತಿದ್ದರು, ಅವಳೂ ಪೆನ್ನು ಕೊಟ್ಟಂತೆ ಕೊಟ್ಟಿದ್ದಳು.

"ಯಾರು ಅಂತ ನಿನ್ನ ಚಿತ್ರದಲ್ಲಿಲ್ಲ ತಾನೆ? ನಾನು ಕೇಳಿಸ್ತೀನಿ," ಎಂದು ಅಕ್ಕ ಎದ್ದು ನಿಂತಳು. ಮೂಗಿನಲ್ಲೇ ಮಾತಾಡುವ ಲೋಡಿಂಗ್ ಮೇಸ್ತ್ರಿ ಅವಳ ಬಾಯಿಂದ ಹೊರಬಂದ: "ಅಕ್ಕೋ, ಲಾರಿ ಬಂದ್ ನಿಂತಿದೆ, ಒಂದೇ ಒಂದ್ಸಲ ಒತ್ತಿಬಿಡ್ಲಾ?" ಹಿಂದೆಯೇ ರಾಗ ಎಳೆಯುವ ಬಿಲ್ಲಿಂಗಿನವಳು: "ಅಕ್ಕಾಆ, ನನ್ದು ಮತ್ತೆ ಸತ್ತೋಯ್ತು, ನಿಮ್ಮದ್ರಲ್ಲಿ ಒಂಚೂರು ನುಗ್ಗಲಾಆ?"

ಅಸಲಿಗಳು ಎದುರಿಗೇ ಕೂತಿದ್ದರು. ನಗು ತಡೆಯಲಾಗದೆ ಯಾರೋ ಕೆಮ್ಮಿದರು. ತಜ್ಞನೂ ನಕ್ಕ.

ಅಕ್ಕ ನಗಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಹ್ಞೂಂ... ಹ್ಞೂಂ... ಏನಮ್ಮ, ಅಪ್ಪನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರಾ? ಅಯ್ಯೋ, ನೀವು ಅಲ್ಲೇ ಇರಿ, ಇಲ್ಲೀ ಚಿಂತೆ ಬೇಡ. ಪಾಸ್‌ವರ್ಡ್ ಒಂದು ಹೇಳ್ಬಿಡಿ. ಉಳಿದಿರೋ ಮಂಚಗಳನ್ನ ನಾನೇ ಕೂತು ಪರೀಕ್ಷೆ ಮಾಡಿಸ್ತೀನಿ."

ಕೋಣೆಯಲ್ಲಿ ನಗು ಕತ್ತರಿಸಿದಂತೆ ನಿಂತಿತು. ಮ್ಯಾನೇಜರರ ಕಡೆ ನೋಡುವ ಧೈರ್ಯ ಯಾರಿಗೂ ಆಗಲಿಲ್ಲ.

"ಅಪ್ಪ ಒಳಗೆ, ನಾನು ಬಾಗಿಲ ಹೊರಗೆ," ಅಕ್ಕ ತನ್ನ ಸ್ವಂತ ಧ್ವನಿಗೆ ಮರಳಿದಳು. "ಸೊಂಟ ಮುರೀತಲ್ಲ, ಅವರ ಮಂಚ ಯಾವತ್ತು ಗೇಟು ದಾಟಿದೆ ನೋಡು. ಆಮೇಲೆ ಆವತ್ತು ನಾನು ರಜದಲ್ಲಿದ್ನೋ ಇಲ್ವೋ, ಅದನ್ನೂ ನೋಡು."

ತಜ್ಞ ಪರದೆಯ ಕಡೆ ತಿರುಗಿ ಒಂದೊಂದಾಗಿ ಬಿಚ್ಚುತ್ತಾ ಹೋದ. ಅವನ ಕೈ ನಿಂತಿತು. ಮಂಚದ ರವಾನೆ, ಅಕ್ಕನ ರಜ, ಎರಡೂ ಒಂದೇ ದಿನ.

"ಹ್ಞೂಂ... ಸಾಕಮ್ಮ! ಇಲ್ಲಿಗೆ ನಿಲ್ಸಿ ಇದನ್ನ!"

ತಜ್ಞ ಪರದೆಯಿಂದ ಕಣ್ಣು ಕೀಳದೆಯೇ ಹೇಳಿದ: "ಗೊತ್ತಾಯ್ತು ಮೇಡಂ. ಇನ್ನು ಅವರ ಥರ ಮಾತಾಡೋದು ಬೇಡ. ಧ್ವನಿ ಯಾರದು ಅಂತ ತಿಳೀತು."

ಅಕ್ಕ ತುಟಿಯನ್ನೇ ಬಿಚ್ಚಿರಲಿಲ್ಲ.