ಹೇಳಿಟ್ಟ ರೊಟ್ಟಿ

"ನೀವು ಎಷ್ಟು ಹೇಳಿದ್ರಿ?" ಎಂದು ಖಾನಾವಳಿ ನಡೆಸುವ ಶಂಕ್ರಮ್ಮ ಕೇಳಿದಾಗ ಪ್ರದೀಪನಿಗೆ ತಲೆಬುಡ ತಿಳಿಯಲಿಲ್ಲ. ಅವನು ಯಾರಿಗೂ ಏನೂ ಹೇಳಿರಲಿಲ್ಲ. ಸಂತೇಬೆನ್ನೂರಿನ ಆ ಬೋರ್ಡಿಲ್ಲದ ಖಾನಾವಳಿಗೆ ಈಗಷ್ಟೇ ಬಗ್ಗಿ ಒಳಬಂದು, ಒಂದು ತಟ್ಟೆ ತೊಳೆದುಕೊಂಡು, ಸಾಲಿನ ಕೊನೆಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎರಡು ರೊಟ್ಟಿ ಸಾಕು ಎಂದ.

"ಈಗ ಹೇಳಿದ್ರೆ ಹೆಂಗ್ರಿ? ಬೆಳಿಗ್ಗೆ ಹೇಳ್ಬೇಕಿತ್ತು."

ಪಕ್ಕದಲ್ಲಿ ಉಣ್ಣುತ್ತಿದ್ದ ಕರಿಯಕ್ಕ ಬಿಡಿಸಿ ಹೇಳಿದಳು. ಅಡಿಕೆ ಸುಲಿದು ಸುಲಿದು ಬೆರಳೆಲ್ಲ ಕಪ್ಪಾಗಿದ್ದ ಹೆಂಗಸು. ಸಂಜೆ ಕೆಲಸ ಬಿಟ್ಟು ಬಂದು ಇಲ್ಲಿ ಉಣ್ಣುವವರೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಾಗಿಲಲ್ಲಿ ನಿಂತು ತಮ್ಮ ರೊಟ್ಟಿ ಎಷ್ಟೆಂದು ಕೂಗಿ ಹೋಗುತ್ತಾರಂತೆ. ಶಂಕ್ರಮ್ಮ ಅಷ್ಟಕ್ಕೇ ಹಿಟ್ಟು ನಾದುವುದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹೇಳಿ ಬಾರದವರ ರೊಟ್ಟಿಯನ್ನು ರಾತ್ರಿವರೆಗೂ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾಳೆ, ಬೇರೆಯವರಿಗೆ ಕೊಡುವುದಿಲ್ಲ.

ಪ್ರದೀಪನಿಗೆ ಹಸಿವೂ ಆಗಿತ್ತು, ಆದರೆ ಬೇಕಾಗಿದ್ದದ್ದು ಖಾನಾವಳಿಯೇ. ಹೊರಗಿನವರಿಗೆ ಗೊತ್ತಿಲ್ಲದ ಸಣ್ಣಪುಟ್ಟ ಹೋಟೆಲುಗಳನ್ನು ಹುಡುಕಿ, ಫೋಟೋ ತೆಗೆದು ಒಂದು ಕಂಪನಿಯ ಆ್ಯಪಿಗೆ ಏರಿಸುವುದು ಅವನ ಕೆಲಸ. ಒಂದು ತಿಂಗಳ ಪರೀಕ್ಷೆಯಲ್ಲಿ ಹತ್ತು ಹೋಟೆಲು ಸೇರಿಸಿದರೆ ಕೆಲಸ ಗಟ್ಟಿ, ಇಲ್ಲದಿದ್ದರೆ ಜಗಳೂರಿನ ಮನೆಗೆ ವಾಪಸ್ಸು. ಹೊನ್ನಾಳಿಯ ದೋಸೆ, ನ್ಯಾಮತಿಯ ಮಂಡಕ್ಕಿ ಮೆಣಸಿನಕಾಯಿ ಎಂದು ಅಲೆದಲೆದು ಒಂಬತ್ತು ಮುಗಿದಿದ್ದವು. ಇವತ್ತು ಸಂಜೆ ಆರಕ್ಕೆ ಗಡುವು. "ಈ ಕೆಲಸದಾಗಾದ್ರೂ ನಿಂತ್ಕೋರಿ, ಮಗಳು ಶಾಲೆಗೆ ಹೋಗೋ ಹಂಗಾಗ್ಯಾಳೆ" ಎಂದಿದ್ದಳು ಹೆಂಡತಿ ಗಂಗೋತ್ರಿ.

ಊಟ ಸಿಗದಿದ್ದರೆ ಹೋಗಲಿ, ಫೋಟೋ ಸಿಕ್ಕರೆ ಸಾಕೆಂದು ಅವನು ಏಳಹೋದ. ಅಷ್ಟರಲ್ಲಿ ಕರಿಯಕ್ಕ ತನ್ನ ತಟ್ಟೆಯಿಂದ ಒಂದು ರೊಟ್ಟಿ ತೆಗೆದು ಅವನ ತಟ್ಟೆಗೆ ಹಾಕಿದಳು. ಎದುರಿಗಿದ್ದ ಲಾರಿ ಡ್ರೈವರ್ ಜಯಪ್ಪ ಅರ್ಧ ಮುರಿದು ಕೊಟ್ಟ. ಆಚೆಯಿಂದ ಇನ್ಯಾರೋ ಇನ್ನೊಂದು ದಾಟಿಸಿದರು. ಶಂಕ್ರಮ್ಮ ಬದನೆ ಎಣ್ಣೆಗಾಯಿ ಬಡಿಸಿ, ಗುರೆಳ್ಳು ಚಟ್ನಿಪುಡಿಯ ಮೇಲೆ ಎಣ್ಣೆ ಬಿಟ್ಟಳು.

"ಮೂರು ಹೇಳ್ದೋನು ಎರಡೂವರೆ ಉಣ್ಣಂಗಾತು" ಎಂದ ಜಯಪ್ಪ, ಬೆರಳು ನೆಕ್ಕುತ್ತ. "ಅರ್ಧ ಹಸಿವಿನಾಗೆ ಲಾರಿ ಗಟಾರಕ್ಕೆ ಹೋದ್ರೆ ನಿನ್ನ ಹೆಸ್ರು ಹೇಳ್ತೀನಿ, ತಮ್ಮ."

ಎಲ್ಲರೂ ನಕ್ಕರು. ಪ್ರದೀಪ ತಟ್ಟೆಯ ಫೋಟೋ ತೆಗೆದುಕೊಂಡು ಉಂಡ. ಇಂಥ ಊಟವನ್ನು ಅವನು ಆ ಒಂಬತ್ತು ಕಡೆಯೂ ಉಂಡಿರಲಿಲ್ಲ. ಕೈ ತೊಳೆದು ದುಡ್ಡು ಚಾಚಿದರೆ ಶಂಕ್ರಮ್ಮ ಮುಟ್ಟಲಿಲ್ಲ. ನಿನಗೆ ನಾನೇನೂ ತಟ್ಟಿಲ್ಲ, ಅವರ ರೊಟ್ಟಿಗೆ ನಾನು ಹೆಂಗೆ ಇಸ್ಕೊಳ್ಳಲಿ ಎಂದಳು. ಕರಿಯಕ್ಕನ ಕಡೆ ತಿರುಗಿದರೆ, ನಾನೇನು ಹೋಟ್ಲು ಇಟ್ಟಿದೀನಾ ಎಂದು ಅವಳು ಸೆರಗು ಕೊಡವಿ ಎದ್ದಳು. ನೋಟು ಅವನ ಕೈಯಲ್ಲೇ ಉಳಿಯಿತು.

ಕೊನೆಗೆ ತಾನು ಬಂದ ಕಾರಣವನ್ನು ಶಂಕ್ರಮ್ಮನಿಗೆ ಹೇಳಿಯೇಬಿಟ್ಟ. ಆ್ಯಪು, ಹತ್ತನೆಯ ಹೋಟೆಲು, ಆರು ಗಂಟೆ, ಮಗಳ ಶಾಲೆ, ಎಲ್ಲ. ಅವಳು ಬೈಯುತ್ತಾಳೆಂದುಕೊಂಡಿದ್ದ. ಬೈಯಲಿಲ್ಲ. ಹೆಂಚಿನ ಮೇಲಿನ ಹಿಟ್ಟನ್ನು ಬಟ್ಟೆಯಿಂದ ಒರೆಸಿದಳು.

"ಹೊಟ್ಟೆಪಾಡು ಐತೆ, ಹಾಕ್ಕೊ ತಮ್ಮ, ಬ್ಯಾಡ ಅನ್ನಲ್ಲ. ಆದ್ರೆ ನಾಳೆ ಕಾರು ಮಾಡ್ಕಂಡು ಉಣ್ಣಾಕೆ ಬರ್ತಾರಲ್ಲ, ಅವ್ರಿಗೆ ಯಾರ ತಟ್ಟೇಲಿಂದ ತೆಗೆದು ಹಾಕ್ಲಿ, ಅದೊಂದು ಹೇಳಿ ಹೋಗು."

ಪ್ರದೀಪ ಹೊರಗೆ ಬಂದ. ರಸ್ತೆ ಪಕ್ಕ ಸ್ಕೂಟರಿಗೆ ಒರಗಿ ಫೋನು ತೆರೆದ. ತಟ್ಟೆಯ ಫೋಟೋ ಚೆನ್ನಾಗಿ ಬಂದಿತ್ತು. ಹೋಟೆಲಿನ ಹೆಸರೇನು ಎಂದು ಆ್ಯಪು ಕೇಳಿತು, ಹೆಸರಿರಲಿಲ್ಲ. ಒಂದು ಊಟಕ್ಕೆ ಎಷ್ಟು ಎಂದು ಕೇಳಿತು. ಸೊನ್ನೆ ಒತ್ತಿದರೆ ತೆಗೆದುಕೊಳ್ಳಲಿಲ್ಲ. ಏನೋ ಒಂದು ತುಂಬಿದರಾಯಿತು, ಯಾರು ನೋಡುತ್ತಾರೆ ಎಂದುಕೊಂಡ. ಬೆರಳು ಮುಂದೆ ಹೋಗಲಿಲ್ಲ. ಮಗಳ ಮುಖ ನೆನಪಾಯಿತು. ತಿರುಗಿ ಶಂಕ್ರಮ್ಮನ ಬಾಗಿಲು ನೋಡಿದ. ಯಾವುದು ಸರಿಯೋ ಅವನಿಗೆ ಗೊತ್ತಾಗಲೇ ಇಲ್ಲ. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಆಗಲೇ ಒಂದು ಕಾರು ಬಂದು ಅವನ ಪಕ್ಕ ನಿಂತಿತು. ಒಳಗೆ ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ಮಕ್ಕಳು. ಇಲ್ಲಿ ರೊಟ್ಟಿ ಊಟ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಗಂಡ ಕೇಳಿದ.

"ಈ ಊರಾಗೆ ಅಂಥ ಹೋಟ್ಲು ಯಾವ್ದೂ ಇಲ್ರಿ" ಎಂದುಬಿಟ್ಟ ಪ್ರದೀಪ. ಹೇಳಿದ್ದು ತಾನೇ ಹೌದೋ ಅಲ್ಲವೋ ಎಂದು ಅವನಿಗೇ ಅನುಮಾನವಾಯಿತು.

ಕಾರಿನವನು ತಕ್ಷಣ ಹೊರಡಲಿಲ್ಲ. ಪ್ರದೀಪನ ಎದೆಯ ಮೇಲೆ, ಕಂಪನಿ ಕೊಟ್ಟ ಕಿತ್ತಳೆ ಟೀ ಶರ್ಟಿನಲ್ಲಿ 'ಊಟ ಎಲ್ಲಿ? ನಮ್ಮನ್ನು ಕೇಳಿ' ಎಂದು ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡ.