ಬೀಳದ ಒತ್ತು

ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆ ಮುಂದಕ್ಕೆ ತಳ್ಳುವಾಗ ಚಂದ್ರಶೇಖರಯ್ಯನವರ ಕೈ ನಡುಗಿತು. ಅಂಗಡಿಯ ವೆಂಕಟಾಚಲ ಅದನ್ನು ಸಿಟ್ಟು ಎಂದುಕೊಂಡ.

"ಮತ್ತೆ ಕೈ ಕೊಡ್ತು ನೋಡಪ್ಪ," ಎಂದರು ಅವರು. "ಪ್ರೊಸೆಸರ್ ಬದಲಾಯಿಸಿಬಿಡು."

ವಾರದ ಹಿಂದೆಯೂ ಅವರು ಬಂದಿದ್ದರು. ಆಗ ಒಬ್ಬರೇ. ಈ ಸಲ ಹೆಂಡತಿ ರುದ್ರಾಣಿಯೂ ಜೊತೆಗಿದ್ದರು. ಗಾಂಧಿ ಬಜಾರಿನ ಅಡ್ಡರಸ್ತೆಯ ಆ ರಿಪೇರಿ ಅಂಗಡಿಯಲ್ಲಿದ್ದುದು ಒಂದೇ ಸ್ಟೂಲು. ಅದರ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಆಕೆ ಕೂತಿದ್ದರು.

ದೂರು ಹಳೆಯದೇ. ಟೈಪ್ ಮಾಡಿದರೆ ಒತ್ತಕ್ಷರ ಬೀಳುತ್ತಿಲ್ಲ. ಚಂದ್ರಶೇಖರಯ್ಯ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಶಂಕರಪುರಂನ ಅವರ ಮನೆ ನಡೆಯುತ್ತಿದ್ದುದು ಟೈಪಿಂಗ್‌ನಿಂದಲೇ. ಚಾಮರಾಜಪೇಟೆಯ ಪ್ರೆಸ್ಸೊಂದು ಲಗ್ನಪತ್ರಿಕೆಗಳ ಕೆಲಸವನ್ನು ಮನೆಗೇ ಕಳಿಸುತ್ತಿತ್ತು. ಹೋದ ತಿಂಗಳು 'ಕಲ್ಯಾಣ ಮಹೋತ್ಸವ' ಎಂಬುದು 'ಕಲಯಾಣ ಮಹೋತಸವ' ಎಂದು ಅಚ್ಚಾಗಿ, ಹೆಣ್ಣಿನ ತಂದೆ ಪ್ರೆಸ್ಸಿಗೆ ಬಂದು ಕೂಗಾಡಿದ್ದರು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಪ್ರೆಸ್ಸಿನವರು ಹೇಳಿ ಕಳಿಸಿದ್ದರು.

ವೆಂಕಟಾಚಲ ಲೆಕ್ಕ ಒಪ್ಪಿಸಿದ. ಲ್ಯಾಪ್‌ಟಾಪು ಸೆಕೆಂಡ್‌ಹ್ಯಾಂಡ್. ಈಗಿನ ಸೆಲೆರಾನ್ ಪ್ರೊಸೆಸರ್ ತೆಗೆದು ಪೆಂಟಿಯಂ ಕೂರಿಸಿದರೆ ಅದಕ್ಕೇ ಲ್ಯಾಪ್‌ಟಾಪಿನ ಅರ್ಧ ಬೆಲೆ ಆಗುತ್ತದೆ. ಅಕ್ಷರ ಮೂಡಿಸುವುದಕ್ಕೆ ಈಗಿರುವುದೇ ಧಾರಾಳ. ಹೊಸದು ಹಾಕಿದರೂ ಅವರ ಕಣ್ಣಿಗೆ ವ್ಯತ್ಯಾಸ ಕಾಣುವುದು ಅನುಮಾನ.

"ನಾನೂ ಅದನ್ನೇ ಹೇಳ್ದೆ," ಎಂದರು ರುದ್ರಾಣಿ. "ಬೋಳು ತಲೆಗೆ ಮಲ್ಲಿಗೆ ದಂಡೆ ಮುಡಿಸ್ದಂಗೆ. ಇವರು ಕೇಳಲ್ಲ."

ಚಂದ್ರಶೇಖರಯ್ಯ ನಗಲಿಲ್ಲ. ಅಚ್ಚಿನ ಕರಡು ತೋರಿಸಬೇಕು ಎಂದು ಹೆಂಡತಿ ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ ಅವರೇ ಬಾಗಿ ಜಿಪ್ ಎಳೆದು ಹಾಳೆ ತೆಗೆದರು. ತನ್ನ ಬ್ಯಾಗನ್ನು ತಾನೇ ತೆರೆಯುವ ಸ್ವಾತಂತ್ರ್ಯವೂ ಇಲ್ಲವೇ ಈಕೆಗೆ ಎನಿಸಿತು ವೆಂಕಟಾಚಲನಿಗೆ.

ಕರಡಿನಲ್ಲಿ ತಪ್ಪುಗಳೆಲ್ಲ ಒಂದೇ ಬಗೆಯವು. ಕನ್ನಡ ಟೈಪಿಂಗ್‌ನಲ್ಲಿ ಎಡಗೈ ತೋರುಬೆರಳಿನ ಕೀಲಿ ಒತ್ತಿದರೆ ಮಾತ್ರ ಮುಂದಿನ ಅಕ್ಷರ ಕೆಳಗಿಳಿದು ಒತ್ತಾಗುತ್ತದೆ. ಅದೊಂದೇ ಕೀಲಿ ಮತ್ತೆ ಮತ್ತೆ ತಪ್ಪಿತ್ತು. ವೆಂಕಟಾಚಲ ಹಾರ್ಡ್‌ವೇರ್ ಕಲಿತದ್ದು ಸಂಜೆ ತರಗತಿಯಲ್ಲಿ. ತನ್ನ ವಿದ್ಯೆಯ ಮೇಲೆ ಅವನಿಗೆ ಪೂರ್ತಿ ಭರವಸೆ ಇರಲಿಲ್ಲ. ಹೋದ ವಾರ ಮಾಡಿದ್ದ ಪರೀಕ್ಷೆಯನ್ನೆಲ್ಲ ಮತ್ತೆ ಮಾಡಿದ. ಮೆಲ್ಲಗೆ ಒತ್ತಿದ, ಬಿರುಸಾಗಿ ಒತ್ತಿದ, ಲ್ಯಾಪ್‌ಟಾಪ್ ಬಿಸಿಯಾಗುವವರೆಗೆ ಕಾದು ಒತ್ತಿದ. ಪ್ರತಿ ಸಲವೂ ಒತ್ತು ತಕ್ಷಣ ಬಿತ್ತು.

ಒಂದು ಸಾಲು ಟೈಪ್ ಮಾಡಿ ತೋರಿಸಿ ಎಂದು ಕೇಳಿದ. ರುದ್ರಾಣಿ ಅರ್ಧ ಎದ್ದರು. ಕೂತಿರು ಎಂಬಂತೆ ಗಂಡ ಕೈ ಮಾಡಿದರು. ಮನೆಯಲ್ಲಿ ಮಾತ್ರ ಹಾಗಾಗುತ್ತದೆ, ಇಲ್ಲಿ ತೋರಿಸಿ ಪ್ರಯೋಜನವಿಲ್ಲ ಎಂದು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ವೆಂಕಟಾಚಲನಿಗೆ ಆಗ ಹೊಳೆಯಿತು.

"ತಪ್ಪು ಮಿಷಿನ್‌ದೇ ಅಲ್ವೇನಪ್ಪ?" ರುದ್ರಾಣಿ ಮೆಲ್ಲಗೆ ಕೇಳಿದರು. ಆ ದನಿಯಲ್ಲಿ ಭಯವಿತ್ತು. ಗಂಡನ ವಿಷಯ ಆಕೆಗೂ ಅನುಮಾನ ಬಂದಿರಬೇಕು. ಅವನು ಸ್ಕ್ರೂಡ್ರೈವರ್ ಹುಡುಕುವವನಂತೆ ಡ್ರಾಯರಿನೊಳಗೆ ತಲೆ ತಗ್ಗಿಸಿದ.

ಎದುರು ಸಾಲಿನಲ್ಲಿ ಹೂವು ತೆಗೆದುಕೊಂಡಿರು, ಬಂದೆ ಎಂದು ಚಂದ್ರಶೇಖರಯ್ಯ ಹೆಂಡತಿಯನ್ನು ಕಳಿಸಿದರು. ಆಕೆ ರಸ್ತೆ ದಾಟುವವರೆಗೆ ನೋಡುತ್ತ ನಿಂತಿದ್ದು, ಆಮೇಲೆ ಪ್ರೊಸೆಸರ್ ಯಾವಾಗ ತರುತ್ತೀಯ ಎಂದು ಕೇಳಿದರು.

ನಾಳೆಯೇ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಿಂದ ತರಬಹುದಿತ್ತು. ವ್ಯಾಪಾರವಿಲ್ಲದ ತಿಂಗಳು. ಬೇರೆ ಅಂಗಡಿಯವನಾದರೆ ಎರಡನೆಯ ಮಾತಾಡದೆ ಹಾಕಿ ಕೊಡುತ್ತಿದ್ದ. ಆದರೆ ಅದನ್ನು ನಂಬಿ ಈ ಮನುಷ್ಯ ಮತ್ತೆ ಟೈಪ್ ಮಾಡಲು ಕೂರುತ್ತಾರೆ, ಮತ್ತೆ ಒತ್ತು ತಪ್ಪುತ್ತದೆ, ಇರುವ ಅನ್ನವೂ ಹೋಗುತ್ತದೆ. ಹೇಳದಿದ್ದರೆ ಮೋಸ. ಹೇಳಿದರೆ, ಹಿರಿಯರ ಮುಖ ನೋಡಿ ಅಂಥ ಮಾತಾಡಲು ತಾನು ಯಾವ ಡಾಕ್ಟರು?

"ತಪ್ಪು ತಿಳ್ಕೋಬೇಡಿ ಸಾರ್," ಎಂದ ಕೊನೆಗೆ. "ಮಿಷಿನ್ ಸರಿಯಾಗಿದೆ. ತೊಂದರೆ ಇರೋದು ಕೈಯಲ್ಲಿ ಅನ್ಸುತ್ತೆ. ಎಡಗೈ ಬೆರಳಲ್ಲಿ. ಒಂದ್ಸಲ ಡಾಕ್ಟರಿಗೆ ತೋರಿಸ್ಬಿಡಿ."

ಬೈಗುಳಕ್ಕೆ ಸಿದ್ಧನಾಗಿ ನಿಂತ. ಚಂದ್ರಶೇಖರಯ್ಯ ಬೈಯಲಿಲ್ಲ.

"ತೋರಿಸಿದ್ದಾಯ್ತು. ನರದ ಕಾಯಿಲೆ, ವಾಸಿಯಾಗಲ್ಲ ಅಂದ್ರು. ಈಗ ಎಡಗೈ. ಮುಂದೆ ಬಲಗೈ. ಆಮೇಲೆ ತುತ್ತು ನುಂಗೋದೂ ಆಗಲ್ವಂತೆ."

ಗೊತ್ತಿದ್ದೂ ಪ್ರೊಸೆಸರ್ ಯಾಕೆ ಸಾರ್ ಎಂದ ವೆಂಕಟಾಚಲ.

"ಇನ್ನೊಂದಿಷ್ಟು ದಿನ ಮಿಷಿನ್ನನ್ನ ಬೈಕೊಂಡಿರಬಹುದು. ಆಮೇಲೆ ಕೀಬೋರ್ಡ್ ಬದಲಾಯಿಸೋಣ."

ಈ ವಯಸ್ಸಿನಲ್ಲಿ ಇಷ್ಟು ದೊಡ್ಡದನ್ನು ಒಬ್ಬರೇ ಹೊತ್ತುಕೊಂಡಿರಬಾರದು, ಅಮ್ಮನವರಿಗೆ ಇವತ್ತೇ ಹೇಳಿಬಿಡಿ, ಅವರು ನಿಮ್ಮನ್ನು ನೋಡಿಕೊಳ್ಳುತ್ತಾರೆ ಎಂದು ವೆಂಕಟಾಚಲ ಬೇಡಿಕೊಂಡ.

ಚಂದ್ರಶೇಖರಯ್ಯ ರಸ್ತೆಯಾಚೆ ನೋಡಿದರು.

"ನನಗೆ ಟೈಪಿಂಗೇ ಬರಲ್ಲಪ್ಪ," ಎಂದರು. "ಆ ಕೈ ಅವಳದು."