ಹೊರಗೆ ಬೀಗ, ಒಳಗೆ ಲಲಿತಾ

ಇದನ್ನು ಓದುವಾಗ ಮನೆಯವರು ಪಕ್ಕದಲ್ಲಿದ್ದರೆ ಸ್ವಲ್ಪ ಜೋರಾಗಿಯೇ ಓದಿ...

ರಾಣೆಬೆನ್ನೂರಿನ ಒಂದು ಓಣಿ. ಸುಡುವ ಮಧ್ಯಾಹ್ನ. ಲಲಿತಾ ಮನೆಯೊಳಗೆ ಮೂಲೆ ಹಿಡಿದು ಕೂತಿದ್ದಾಳೆ... ಬೀಗ ಮಾತ್ರ ಹೊರಗೆ!

ಪಕ್ಕದ ಮನೆಯ ಗಂಗವ್ವನ ಕೈಗೆ ತಾನೇ ಬೀಗ ಕೊಟ್ಟು, "ಹೊರಗಿಂದ ಹಾಕ್ಕೊಂಡು ಹೋಗ್ರಿ ಅಕ್ಕಾರ. ಯಾರರ ಕೇಳಿದ್ರ ಊರಿಗೆ ಹೋಗ್ಯಾಳ ಅನ್ರಿ" ಅಂದಿದ್ದಳು. ಗಂಗವ್ವ ಬೀಗ ಹಾಕಿ, ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಸಂತೆಗೆ ಹೋದಳು.

ಫ್ಯಾನ್ ಹಾಕುವಂತಿಲ್ಲ, ಸದ್ದಾಗುತ್ತದೆ. ಕೆಮ್ಮುವಂತಿಲ್ಲ. ಫೋನ್ ಸ್ವಿಚ್ ಆಫ್.

ಯಾಕಿಷ್ಟು ಹೆದರಿಕೆ ಅಂತೀರಾ? ಇವತ್ತು ಸಂಘದ ವಾರದ ಕಂತಿನ ದಿನ.

ಸಂಘದ ಸಾಲ ಅಂದರೆ ಗೊತ್ತಲ್ಲ... ಒಬ್ಬಳಿಗೆ ಉಳಿದವರೆಲ್ಲ ಜಾಮೀನು. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಮನೆ ಮುಂದೆ ಬಂದು ಕೂರುತ್ತಾರೆ. ಕಂತು ಕೈಗೆ ಬರುವ ತನಕ ಏಳುವುದಿಲ್ಲ.

ಸಾಲ ಮಾಡಿದ್ದು ಮಗಳ ಕುಬಸಕ್ಕೆ. ಬಸುರಿ ಮಗಳಿಗೆ ಹೊಸ ಸೀರೆ ಉಡಿಸಿ, ಉಡಿ ತುಂಬಿದ್ದರೆ ಸಾಕಿತ್ತು. "ಬೀಗರು ಏನಂತಾರ" ಅಂತ ಶಾಮಿಯಾನ, ಫೋಟೋದವರು, ಓಣಿಗೆಲ್ಲ ಹೋಳಿಗೆ ಊಟ...

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಬೀಗರು ಎದುರಿಗೆ ಬಂದು ಕೂತಾಗ ಮಾತ್ರ ಮರೆತುಹೋಗುತ್ತದೆ!

ಗಂಡ ಮಾಲತೇಶ ಗೂಡ್ಸ್ ಆಟೋ ಓಡಿಸುತ್ತಾನೆ. "ತವರುಮನೆಯವರು ಕೊಟ್ಟಾರ" ಅಂತ ಅವನಿಗೆ ಸುಳ್ಳು ಹೇಳಿದ್ದಳು. ಆಮೇಲೆ ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘ... ಅದನ್ನು ಕಟ್ಟಲು ಮತ್ತೊಂದು. ಈಗ ಕೈ ಪೂರ್ತಿ ಬರಿದು.

ಮಾಲತೇಶ ಕೈ ಎತ್ತುವ ಗಂಡಸಲ್ಲ. ಆದರೆ ಈ ಸುಳ್ಳು ತಿಳಿದರೆ ಜನ್ಮದಲ್ಲಿ ತನ್ನನ್ನು ನಂಬುವುದಿಲ್ಲ ಅನ್ನುವುದೇ ಅವಳ ಭಯ.

ಚಪ್ಪಲಿ ಸದ್ದು... ಬಂದೇ ಬಿಟ್ಟರು.

ಬೀಗ ಕಂಡಿದ್ದೇ ಬೈಗುಳ ಶುರು. "ನಮ್ಮನ್ನ ಬಿಸಿಲಾಗ ಸಾಯಾಕ ಬಿಟ್ಟು ಎತ್ಲಾಗ ಹೋದ್ಳು ಈಕಿ?" ಅದು ಸಂಘದ ಮುಖ್ಯಸ್ಥೆ ಹೊನ್ನವ್ವನ ದನಿ. ಎಲ್ಲರೂ ಕಟ್ಟೆಯ ಮೇಲೆ ಕೂತರು.

ಸ್ವಲ್ಪ ಹೊತ್ತಿಗೆ ಅದೇ ದನಿ ತಗ್ಗಿತು. "ಫೋನೂ ಹತ್ತವಲ್ದು... ನಿನ್ನೆ ಕಿರಾಣಿ ಅಂಗಡ್ಯಾಗ ಆಕಿ ಬಾಡಿದ ಮಾರಿ ನೋಡಿದ್ದೆ. ಜೀವಕ್ಕ ಏನರ ಮಾಡ್ಕೊಂಡಿದ್ರ?"

"ಅಯ್ಯ, ಬಿಡ್ತು ಅನ್ನಬೇ! ಮೊದ್ಲ ಆಕಿ ಗಂಡಗ ಫೋನ್ ಹಚ್ಚು!" ಅಂದಳು ಇನ್ನೊಬ್ಬಳು.

ಬೇಡ, ಅವರಿಗೆ ಫೋನ್ ಬೇಡ... ಲಲಿತಾ ಬಾಯಿಗೆ ಸೆರಗು ಒತ್ತಿಕೊಂಡಳು.

ಆಟೋ ಬಂದು ನಿಂತ ಸದ್ದು ಕೇಳಿತು. ಹೊನ್ನವ್ವ ಎಲ್ಲವನ್ನೂ ಹೇಳಿಬಿಟ್ಟಳು... ಕುಬಸದ ಸಾಲ, ಒಂದರ ಮೇಲೊಂದು ಸಂಘ, ಎಲ್ಲ!

ಈಗ ಕೂಗಾಡುತ್ತಾನೆ ಅಂತ ಲಲಿತಾ ಕಣ್ಣು ಮುಚ್ಚಿಕೊಂಡಳು. ಎಷ್ಟು ಸಾಲ ಅಂತ ಮಾಲತೇಶ ಕೇಳಲೇ ಇಲ್ಲ.

"ಯಾರರ ನೋಡೀರೇನ್ರಿ ಆಕೀನ್ನ? ನೀವು ಕೆರಿ ಕಡೆ ಹೋಗ್ರಿ... ನಾ ರೈಲ್ವೆ ಹಳಿ ಕಡೆ..." ಮಾತು ಮುಗಿಸಲಾಗದೆ ಅವನು ಅತ್ತುಬಿಟ್ಟ. ಇಷ್ಟು ವರ್ಷದ ಸಂಸಾರದಲ್ಲಿ ಅವನ ಅಳು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

ಬಾಯಿ ಬಿಟ್ಟರೆ ಓಣಿಯ ಮುಂದೆ ಮಾನ ಹೋಗುತ್ತದೆ. ಬಿಡದಿದ್ದರೆ... ಹೊರಗೆ ಆಟೋ ಸ್ಟಾರ್ಟ್ ಆಯಿತು.

"ನಾ ಇಲ್ಲೇ ಅದೀನ್ರೀ! ಒಳಗ ಅದೀನಿ... ತಪ್ಪಾತ್ರೀ!" ಎರಡೂ ಕೈಯಿಂದ ಬಾಗಿಲು ಬಡಿದಳು.

ಬೀಗದ ಕೈ ಸಂತೆಯಲ್ಲಿತ್ತು! ಮಾಲತೇಶ ಕಲ್ಲು ಎತ್ತಿ ಬೀಗ ಒಡೆದ. ಬೈಯಲು ಬಂದ ಹೆಂಗಸರೂ ಅವಳ ಮುಖ ನೋಡಿ ಪಕ್ಕಕ್ಕೆ ಸರಿದರು.

ಅವನು ಅವಳ ರಟ್ಟೆ ಹಿಡಿದ.

"ಸಿಟ್ಟು ಬಂದೈತಿ ನನಗ. ಭಾಳ ಬಂದೈತಿ... ನನಗ ಹೇಳಲಿಲ್ಲಲ್ಲ ಅಂತ. ಕುಬಸದ ಊಟಾ ನಾನೂ ಉಂಡೀನಿ. ಬೀಗರ ಮುಂದ ನಾನೂ ಮೀಸಿ ತಿರುವೀನಿ. ಸಾಲ ನಿನ್ನೊಬ್ಬಾಕಿದು ಹೆಂಗಾಗ್ತೈತಿ?"

ಲಲಿತಾ ಅವನ ಎದೆಗೆ ಒರಗಿ ಗೊಳೋ ಅಂತ ಅತ್ತಳು.

ಆ ವಾರದ ಕಂತನ್ನು ಹೆಂಗಸರೇ ಕೂಡಿಸಿ ಕಟ್ಟಿದರು... ಗೊಣಗುತ್ತಲೇ! "ಮುಂದಿನ ವಾರ ತಪ್ಪಿಸಿದ್ರ ಮತ್ತ ಬರ್ತೀವಿ" ಅಂತಲೂ ಹೊನ್ನವ್ವ ಹೇಳಿ ಹೋದಳು.

ಸಾಲ ಇನ್ನೂ ತೀರಿಲ್ಲ. ಹೊಸ ಸಾಲ ಮಾಡುವುದು ಮಾತ್ರ ನಿಂತಿದೆ. ಹೆಚ್ಚು ಬಡ್ಡಿಯದು ಮೊದಲು ಅಂತ ಗಂಡ ಹೆಂಡತಿ ಕೂತು ಮಾತಾಡಿ ಕಟ್ಟುತ್ತಿದ್ದಾರೆ.

ಮೊಮ್ಮಗನ ತೊಟ್ಟಿಲ ಶಾಸ್ತ್ರ ಮನೆಯ ಪಡಸಾಲೆಯಲ್ಲೇ ಆಯಿತು, ಬರೀ ಅನ್ನ ಸಾರು ಪಾಯಸ. ಬೀಗರು ಎರಡೆರಡು ಸಲ ಹಾಕಿಸಿಕೊಂಡು ಉಂಡರು!

ಸಾಲ ತೀರಿಸುವ ಮೊದಲ ಕಂತು... ಮನೆಯವರಿಗೆ ನಿಜ ಹೇಳುವುದು.

ಮನೆಯಲ್ಲಿ ಹೇಳದೆ ಮುಚ್ಚಿಟ್ಟ ಸಾಲ ನಿಮ್ಮದೂ ಒಂದಿದೆಯಾ...? ಇವತ್ತು ಊಟಕ್ಕೆ ಕೂತಾಗ ಹೇಳುತ್ತೀರಾ?